ಹೊನ್ನು ಹೋಯಿತು, ಹೂಳು ಉಳಿಯಿತು

(ಮಲೆನಾಡಿನ ಹಳ್ಳಿಯೊಂದರಲ್ಲಿ ನಡೆದ ಹೊಳೆ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊಳೆಗಳ ಕುರಿತ ಶಿಬಿರದಲ್ಲಿ ಚಿನ್ನದ ಕಥೆ ಹೇಳಲು ನಿಂತಿದ್ದೇನೆ. ಚಾರ್ಲಿ ಚಾಪ್ಲಿನ್ ಹಸಿವು ತಾಳಲಾರದೆ ತನ್ನ ಬೂಟನ್ನೇ ಬೇಯಿಸಿ ತಿನ್ನುವ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು 1925ರ ಚಿತ್ರ. ಅದರ ಹಿನ್ನೆಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಲೊಂಡೈಕ್‌ನ ಹಿಮದ ನಾಡಿಗೆ ನುಗ್ಗಿದ ಜನರ ಪಾಡು. ನಾನು ಹೇಳಹೊರಟಿರುವುದು ಅದಕ್ಕೂ ಐವತ್ತು ವರ್ಷ ಹಿಂದಿನ ಕ್ಯಾಲಿಫೋರ್ನಿಯಾದ ಕಥೆ. ಸಾಮಾನ್ಯವಾಗಿ ಸಾಹಸದ ಕಥೆಯೆಂದು ಹೇಳಲಾಗುವ ಇದನ್ನು ನಾನು ಒಂದು ಬೆಟ್ಟದ ಮತ್ತು ಅದರಿಂದ ಇಳಿದ ಹೊಳೆಗಳ ಕಥೆಯಾಗಿ ನಿಮ್ಮ ಮುಂದೆ ಇಡುತ್ತೇನೆ.

1848ರ ಜನವರಿ 24ರಂದು ಸಿಯೆರಾ ನೆವಾಡಾ ಪರ್ವತದ ತಪ್ಪಲಿನ ಕೊಲೊಮಾ ಎಂಬಲ್ಲಿ, ಅಮೆರಿಕನ್ ನದಿಯ ದಂಡೆಯ ಮೇಲೆ, ಜಾನ್ ಸಟರ್ ಎಂಬ ಜಮೀನ್ದಾರನಿಗಾಗಿ ಒಂದು ಸಾಮಿಲ್ಲು ಕಟ್ಟಲಾಗುತ್ತಿತ್ತು. ಅದರ ಚಕ್ರ ತಿರುಗಿಸಿದ ನೀರು ಹೊರಹೋಗುವ ಕಾಲುವೆಯನ್ನು ಪರೀಕ್ಷಿಸುತ್ತಿದ್ದ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಹೊಳೆಯುವ ಕಣಗಳು ಕಂಡವು. ಒಂಬತ್ತು ದಿನಗಳ ನಂತರ, ಫೆಬ್ರವರಿ 2ರಂದು, ಯುದ್ಧದಲ್ಲಿ ಸೋತಿದ್ದ ಮೆಕ್ಸಿಕೊ ಒಪ್ಪಂದಕ್ಕೆ ಸಹಿ ಹಾಕಿ ಆ ಇಡೀ ಸೀಮೆಯನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ತಾನು ಬಿಟ್ಟುಕೊಡುತ್ತಿರುವುದೇನೆಂದು ಅದಕ್ಕೆ ಗೊತ್ತಿರಲಿಲ್ಲ, ಪಡೆದವರಿಗೂ ಗೊತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಅಧ್ಯಕ್ಷ ಪೋಕ್ ಈ ಸುದ್ದಿಯನ್ನು ದೃಢಪಡಿಸಿದೊಡನೆ ಜನಪ್ರವಾಹ ಹರಿಯಿತು. ಕೆಲವರು ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿ ಹಡಗಿನಲ್ಲಿ ಬಂದರು, ಕೆಲವರು ಪನಾಮಾದ ಕಾಡು ದಾಟಿದರು, ಮತ್ತೆ ಕೆಲವರು ಎತ್ತಿನ ಬಂಡಿಗಳಲ್ಲಿ ಖಂಡವನ್ನೇ ಅಡ್ಡ ಹಾಯ್ದರು. ದಾರಿಯಲ್ಲಿ ಕಾಲರಾಕ್ಕೆ ಬಲಿಯಾದವರು ಅಸಂಖ್ಯ. ಚಿಲಿ, ಮೆಕ್ಸಿಕೊ, ಚೀನಾ, ಯುರೋಪುಗಳಿಂದಲೂ ಬಂದವರು ಸೇರಿ 1855ರ ಹೊತ್ತಿಗೆ ಅಲ್ಲಿಗೆ ವಲಸೆ ಬಂದವರ ಸಂಖ್ಯೆ ಸುಮಾರು 3 ಲಕ್ಷ. ಹೀಗೆ ಬಂದವರಲ್ಲಿ ಸಿರಿವಂತರಾದವರು ಬೆರಳೆಣಿಕೆಯಷ್ಟು. ನಿಶ್ಚಿತ ಲಾಭ ಕಂಡವರು ಸಲಿಕೆ, ಬೋಗುಣಿ, ಹಿಟ್ಟು, ಬಟ್ಟೆ ಮಾರಿದ ವ್ಯಾಪಾರಿಗಳು. ಚಿನ್ನವನ್ನು ಮೊದಲು ಕಂಡ ಮಾರ್ಷಲ್ ಬಡತನದಲ್ಲಿ ಸತ್ತ. ಸಟರ್‌ನ ಹೊಲಗಳನ್ನು ಬಂದವರು ಆಕ್ರಮಿಸಿಕೊಂಡರು. ಪರಿಹಾರಕ್ಕಾಗಿ ಸರ್ಕಾರದ ಬಾಗಿಲು ತಟ್ಟುತ್ತಲೇ ಅವನೂ ತೀರಿಹೋದ.

ಆ ಬೆಟ್ಟ ಖಾಲಿ ಇರಲಿಲ್ಲ. ಕೊಲೊಮಾ ಎಂಬ ಹೆಸರೇ ಅಲ್ಲಿನ ನಿಸೆನಾನ್ ಜನರ ಹಳ್ಳಿಯ ಹೆಸರು. ಓಕ್ ಮರದ ಕಾಯಿಯ ಹಿಟ್ಟು, ಹೊಳೆಯ ಸಾಲ್ಮನ್ ಮೀನು ಅವರ ಆಹಾರ. ಮೊದಲ ವರ್ಷ ಚಿನ್ನ ತೊಳೆದವರಲ್ಲಿ ಬಹಳ ಮಂದಿ ಮೂಲನಿವಾಸಿಗಳೇ ಆಗಿದ್ದರು. ಆಮೇಲೆ ಹೊಳೆ ಕದಡಿತು, ಮರಗಳು ಉರುಳಿದವು, ಬಂದೂಕುಗಳು ಬಂದವು. 1850ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಮೂಲನಿವಾಸಿಗಳ ಆಡಳಿತ ಮತ್ತು ರಕ್ಷಣೆಗೆಂಬ ಹೆಸರಿನ ಒಂದು ಕಾನೂನು ತಂದಿತು. ಅವರ ಮಕ್ಕಳನ್ನು ಜೀತಕ್ಕಿಟ್ಟುಕೊಳ್ಳಲು ಅದು ದಾರಿ ಮಾಡಿಕೊಟ್ಟಿತು. ಮೂಲನಿವಾಸಿಯ ಸಾಕ್ಷ್ಯದ ಮೇಲೆ ಬಿಳಿಯನನ್ನು ಶಿಕ್ಷಿಸುವಂತಿಲ್ಲ ಎಂದೂ ಅದರಲ್ಲಿ ಬರೆದಿತ್ತು. ರಕ್ಷಣೆ ಎಂಬ ಪದವನ್ನು ಕಾನೂನಿನಲ್ಲಿ ಕಂಡಾಗಲೆಲ್ಲ ಯಾರ ರಕ್ಷಣೆ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಇಂಥವುಗಳನ್ನು ಓದಿಯೇ. 1851-52ರಲ್ಲಿ ಅವರೊಂದಿಗೆ ಮಾಡಿಕೊಂಡ 18 ಒಪ್ಪಂದಗಳನ್ನು ಅಮೆರಿಕದ ಸೆನೆಟ್ ತಿರಸ್ಕರಿಸಿತು. ಆ ಕಾಗದಗಳು 1905ರವರೆಗೆ ಗುಟ್ಟಾಗಿಯೇ ಉಳಿದವು. 1848ರಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಮೂಲನಿವಾಸಿಗಳು 1870ರ ವೇಳೆಗೆ 30 ಸಾವಿರದಷ್ಟಾದರು. ಅಂದಿನ ಹಿಂಸೆಗಾಗಿ ರಾಜ್ಯದ ಗವರ್ನರ್ ಕ್ಷಮೆ ಕೇಳಿದ್ದು 2019ರಲ್ಲಿ.

ಚಿನ್ನ ಅರಸಿ ಬಂದವರು ನಿಲ್ಲುವವರಲ್ಲ. ಕ್ಯಾಲಿಫೋರ್ನಿಯಾದಿಂದ ಬರಿಗೈಲಿ ಮರಳಿದ ಎಡ್ವರ್ಡ್ ಹಾರ್ಗ್ರೇವ್ಸ್ ಅಲ್ಲಿ ಕಲಿತ ವಿದ್ಯೆಯಿಂದಲೇ 1851ರಲ್ಲಿ ಆಸ್ಟ್ರೇಲಿಯಾದ ಚಿನ್ನವನ್ನು ಜಗಜ್ಜಾಹೀರು ಮಾಡಿದ. ಅಲ್ಲಿಂದ ಗುಂಪು 1861ರಲ್ಲಿ ನ್ಯೂಜಿಲೆಂಡಿನ ಒಟಾಗೊ ಸೀಮೆಗೆ ಹಾರಿತು. ಆ ನ್ಯೂಜಿಲೆಂಡಿನಲ್ಲಿ ಸೈನಿಕನಾಗಿದ್ದು ಚಿನ್ನದ ಹುಚ್ಚು ಹತ್ತಿಸಿಕೊಂಡು ಬೆಂಗಳೂರಿಗೆ ಬಂದ ಐರಿಷ್ ಮನುಷ್ಯ ಮೈಕಲ್ ಲವೆಲ್. 1873ರಲ್ಲಿ ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಚಿನ್ನ ಹುಡುಕುವ ಅನುಮತಿ ಪಡೆದವನು ಅವನೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದರ ಸಯನೈಡ್ ದಿಬ್ಬಗಳ ಕಥೆಗೆ ಇನ್ನೊಂದು ದಿನ ಬೇಕು.

ಹೋದವರನ್ನು ಬಿಟ್ಟು ಈಗ ಉಳಿದ ಬೆಟ್ಟದ ಕಡೆಗೆ ಬರೋಣ. ಬೋಗುಣಿಯಲ್ಲಿ ಮರಳು ತೊಳೆದು ಸಿಗುವ ಚಿನ್ನ ಕೆಲವೇ ವರ್ಷಗಳಲ್ಲಿ ತೀರಿತು. ಉಳಿದದ್ದು ಪುರಾತನ ನದಿಗಳ ಪಾತ್ರದಲ್ಲಿ, ನೂರಾರು ಅಡಿ ದಪ್ಪದ ಗರಸಿನ ಕೆಳಗೆ ಹುದುಗಿತ್ತು. 1853ರಲ್ಲಿ ನೆವಾಡಾ ಸಿಟಿ ಎಂಬ ಊರಿನ ಬಳಿ ಎಡ್ವರ್ಡ್ ಮ್ಯಾಟಿಸನ್ ಎಂಬಾತ ಎತ್ತರದಿಂದ ತಂದ ನೀರನ್ನು ಕೊಳವೆಯ ಮೂತಿಯಿಂದ ದರೆಗೆ ಚಿಮ್ಮಿಸಿದ. ದರೆ ಕುಸಿಯಿತು, ಮಣ್ಣು ಕರಗಿತು, ಹತ್ತಾರು ಆಳುಗಳ ಕೆಲಸವನ್ನು ನೀರು ಮಾಡಿತು. ಮುಂದೆ ಅದೇ ಕಬ್ಬಿಣದ ಜಲಫಿರಂಗಿಯಾಯಿತು. ಬೆಟ್ಟದ ನೆತ್ತಿಯಲ್ಲಿ ಅಣೆಕಟ್ಟುಗಳು, ಅಲ್ಲಿಂದ ಸಾವಿರಾರು ಮೈಲಿ ಕಾಲುವೆಗಳು. ಇವಕ್ಕೆಲ್ಲ ದೊಡ್ಡ ಬಂಡವಾಳ ಬೇಕು. ಹಾಗಾಗಿ ಬೋಗುಣಿ ಹಿಡಿದ ಸಾಹಸಿ ಕೂಲಿಯಾದ, ಕಂಪನಿ ಒಡೆಯನಾಯಿತು. ಮಲಕಾಫ್ ಎಂಬಲ್ಲಿ ನಾರ್ತ್ ಬ್ಲೂಮ್‌ಫೀಲ್ಡ್ ಕಂಪನಿ ಒಂದು ಮೈಲಿಗೂ ಹೆಚ್ಚು ಉದ್ದದ ಹೊಂಡ ಮಾಡಿತು. ಕೆಸರು ಹೊರಹೋಗಲು ಬಂಡೆಯಲ್ಲಿ ಸುಮಾರು ಒಂದೂವರೆ ಮೈಲಿ ಸುರಂಗ ಕೊರೆಯಿತು. ಆ ಕೆಸರು ಯೂಬಾ ನದಿಗೆ ಬಿತ್ತು.

ಯೂಬಾ ನದಿ ಬಯಲಿಗಿಳಿಯುವಲ್ಲಿ ಮೇರಿಸ್‌ವಿಲ್ ಪಟ್ಟಣವಿದೆ. ಗಣಿಗಳಿಗೆ ಸಾಮಾನು ಸಾಗಿಸಿಯೇ ಬೆಳೆದ ಊರು ಅದು. ಹೊಳೆ ಹೂಳಿನಿಂದ ಏರತೊಡಗಿದಾಗ ಅಲ್ಲಿನ ವರ್ತಕರು ಬಹುಕಾಲ ಬಾಯಿಬಿಡಲಿಲ್ಲ. ಗಣಿ ನಿಂತರೆ ವ್ಯಾಪಾರ ನಿಲ್ಲುತ್ತದೆ. ದಂಡೆಗೆ ಒಡ್ಡು ಕಟ್ಟಿದರು, ಹೊಳೆ ಏರಿತು; ಒಡ್ಡನ್ನು ಎತ್ತರಿಸಿದರು, ಹೊಳೆ ಮತ್ತೂ ಏರಿತು. ಕೊನೆಗೆ ನದಿಯ ತಳ ಊರಿನ ಬೀದಿಗಳಿಗಿಂತ ಎತ್ತರವಾಯಿತು. ಗೋಧಿ ಹೊಲಗಳು, ಹಣ್ಣಿನ ತೋಟಗಳು ಹೂಳಿನಡಿ ಹೋದವು. ತೋಟದ ಮೇಲೆ ಒಂದು ಮಳೆಗಾಲದ ಮಣ್ಣು ಬಿದ್ದರೆ ಏನಾಗುತ್ತದೆಂದು ಇಲ್ಲಿ ಕುಳಿತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1875ರ ಜನವರಿಯಲ್ಲಿ ಒಡ್ಡು ಒಡೆದು ಪಟ್ಟಣವೇ ಮುಳುಗಿತು.

ಆಗ ರೈತರು ಸಂಘಟಿತರಾದರು. ಕೊನೆಗೆ ಎಡ್ವರ್ಡ್ಸ್ ವುಡ್ರಫ್ ಎಂಬ ಆಸ್ತಿವಂತ ನಾರ್ತ್ ಬ್ಲೂಮ್‌ಫೀಲ್ಡ್ ಮತ್ತಿತರ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ. ಗಣಿಯವರ ವಾದ ಕೇಳಿ: ನಾವು ಮೊದಲು ಬಂದವರು, ಹೊಳೆಗೆ ಹೂಳು ಬಿಡುವುದು ಈ ನಾಡಿನ ರೂಢಿ, ರಾಜ್ಯದ ಸಂಪತ್ತು ನಮ್ಮಿಂದ. ಮೊದಲು ಬಂದವರು ಎಂಬ ಮಾತನ್ನು ಆ ಬೆಟ್ಟದಲ್ಲಿ ಹೇಳಲು ಅವರಿಗೆ ನಾಲಗೆ ಹೇಗೆ ಹೊರಳಿತೋ! 1884ರ ಜನವರಿ 7ರಂದು ನ್ಯಾಯಾಧೀಶ ಲೊರೆಂಜೊ ಸಾಯರ್ 225 ಪುಟಗಳ ತೀರ್ಪು ನೀಡಿ, ನದಿಗಳಿಗೆ ಗಣಿಯ ಹೂಳು ಬಿಡುವುದನ್ನು ಶಾಶ್ವತವಾಗಿ ತಡೆದರು. ಈ ಸಾಯರ್ ಸ್ವತಃ 1850ರಲ್ಲಿ ಚಿನ್ನ ಅರಸಿ ಬಂದು ಮಣ್ಣು ತೋಡಿದ್ದವರು. ಅವರು ಗಣಿಗಾರಿಕೆಯನ್ನು ನಿಷೇಧಿಸಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಿಮ್ಮ ಕಸವನ್ನು ಕೆಳಗಿನವನ ಹೊಲಕ್ಕೆ ಕಳುಹಿಸಬೇಡಿ ಎಂದರು, ಅಷ್ಟೆ. ಆ ಕಸದ ಖರ್ಚನ್ನು ತಾವೇ ಹೊರಬೇಕಾಗಿ ಬಂದಾಗ ಲಾಭ ಗಿಟ್ಟದೆ ಹೆಚ್ಚಿನ ಜಲಫಿರಂಗಿಗಳು ಮೌನವಾದವು.

ಈ ತೀರ್ಪನ್ನು ಪರಿಸರದ ಇತಿಹಾಸದಲ್ಲಿ ದೊಡ್ಡದೆಂದು ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ನ್ಯಾಯಾಲಯ ಕಿವಿಗೊಟ್ಟದ್ದು ಹಕ್ಕುಪತ್ರವಿದ್ದವನ ಮಾತಿಗೆ. ಅದೇ ಹೊಳೆಯ ಮೀನನ್ನು ಮೂವತ್ತು ವರ್ಷ ಮೊದಲೇ ಕಳೆದುಕೊಂಡ ನಿಸೆನಾನ್ ಜನರಿಗೆ ಆ ಬಾಗಿಲು ತೆರೆದಿರಲಿಲ್ಲ.

ಮತ್ತು ತೀರ್ಪು ಬಂದ ಮಾತ್ರಕ್ಕೆ ಹೂಳು ಮೇಲಕ್ಕೆ ಹತ್ತಲಿಲ್ಲ. ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1917ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಲಫಿರಂಗಿಗಳು ಕೊಚ್ಚಿದ ಮಣ್ಣು ಸುಮಾರು 150 ಕೋಟಿ ಘನ ಗಜ. ಪನಾಮಾ ಕಾಲುವೆಗಾಗಿ ಅಗೆದದ್ದರ ಸುಮಾರು ಎಂಟು ಪಟ್ಟು. ಅದು ಅಲೆಯಂತೆ ನಿಧಾನವಾಗಿ ಇಳಿಯುತ್ತ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯವರೆಗೆ ಸಾಗಿತು. ಜೊತೆಗೆ ಪಾದರಸ. ಮಣ್ಣಿನಿಂದ ಚಿನ್ನದ ಹುಡಿಯನ್ನು ಹಿಡಿಯಲು ಮರದ ದೋಣಿಗಳಲ್ಲಿ ಪಾದರಸ ಸುರಿಯುತ್ತಿದ್ದರು. ಅದರಲ್ಲಿ ಸುಮಾರು 1 ಕೋಟಿ ಪೌಂಡ್, ಅಂದರೆ ನಾಲ್ಕೂವರೆ ಸಾವಿರ ಟನ್, ಕ್ಯಾಲಿಫೋರ್ನಿಯಾದಲ್ಲಿ ಸೋರಿಹೋಯಿತೆಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅಂದಾಜು. ಅದು ಇಂದಿಗೂ ಕೆಸರಿನಲ್ಲಿದೆ, ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಏರುತ್ತದೆ. ಮಲಕಾಫ್ ಹೊಂಡ ಈಗ ಸರ್ಕಾರಿ ಉದ್ಯಾನ. ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಅದರ ಕೆಳಗಿನ ಜಲಾಶಯಗಳಲ್ಲಿ ಯಾವ ಮೀನನ್ನು ಗರ್ಭಿಣಿಯರೂ ಮಕ್ಕಳೂ ವಾರಕ್ಕೆ ಎಷ್ಟು ತಿನ್ನಬಹುದು, ಯಾವುದನ್ನು ಮುಟ್ಟಲೇಬಾರದು ಎಂದು ಸರ್ಕಾರ ಇಂದಿಗೂ ಪಟ್ಟಿ ಹೊರಡಿಸುತ್ತದೆ.