ಮನೆಗೆ ಸುಣ್ಣಬಣ್ಣ: ಮೊದಲು ಆಗಬೇಕಾದ ಸಿದ್ಧತೆ



ಹದ ನೋಡದೆ ಬಿತ್ತಿದರೆ ಬೀಜ ಎಷ್ಟೇ ಒಳ್ಳೆಯದಿದ್ದರೂ ಬೆಳೆ ಕೈಗೆ ಹತ್ತುವುದಿಲ್ಲ. ಗೋಡೆಯ ವಿಷಯವೂ ಹಾಗೆಯೇ. ತೇವ ಆರದ ಗೋಡೆಗೆ ಬೆಲೆಬಾಳುವ ಬಣ್ಣ ಬಳಿದರೆ ಅದು ಬೇಗನೆ ಹಕ್ಕಳೆಯೆದ್ದು ಉದುರುತ್ತದೆ. ದುಡ್ಡೂ ಹೋಯಿತು, ಆಳಿನ ಕೂಲಿಯೂ ಹೋಯಿತು. ಆದುದರಿಂದ ಬಣ್ಣ ಬಳಿಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಶ್ರಮ ಕುಂಚ ಹಿಡಿಯುವುದಕ್ಕೆ ಮೊದಲೇ ಮುಗಿಯಬೇಕು.

ಯಾವಾಗ ಬಳಿಯಬೇಕು?

ಮುಂಗಾರು ಮುಗಿದರೂ ದಕ್ಷಿಣ ಒಳನಾಡಿನಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಂಗಾರು ಬರುತ್ತದೆ. ಮಳೆ ಕುಡಿದ ಗೋಡೆ ಆರಲು ವಾರಗಟ್ಟಲೆ ಬೇಕು. ಆದುದರಿಂದ ಹೊರಗೋಡೆಯ ಕೆಲಸಕ್ಕೆ ಸಂಕ್ರಾಂತಿಯ ನಂತರ, ಯುಗಾದಿಗೆ ಮೊದಲಿನ ದಿನಗಳು ಯೋಗ್ಯ. ಆಗ ಒಕ್ಕಣೆಯ ಗಡಿಬಿಡಿಯೂ ಕಡಿಮೆಯಾಗಿರುತ್ತದೆ. ಆದರೆ ಕಾಳು ತುಂಬುವ ಕೋಣೆಗೆ ಮಾತ್ರ ಕೊಯ್ಲಿಗೆ ಮೊದಲೇ, ಮಳೆ ಬಿಡುವು ಕೊಟ್ಟಾಗ ಸುಣ್ಣ ಹೊಡೆದು ಪೂರ್ತಿ ಆರಲು ಬಿಡಬೇಕು.

ಬಿರುಬಿಸಿಲಿನಲ್ಲಿ ಸುಣ್ಣ ಬಳಿಯುವುದು ಸರಿಯಲ್ಲ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ಸ್ವಲ್ಪ ತೇವ ಬೇಕು. ಬಿಸಿಲಿಗೆ ಥಟ್ಟನೆ ಒಣಗಿದ ಸುಣ್ಣ ಮೈಗೆ ಕೈಗೆ ಹತ್ತುತ್ತದೆ. ಪಡುವಣ ಗೋಡೆಗೆ ಬೆಳಿಗ್ಗೆ, ಮೂಡಣ ಗೋಡೆಗೆ ಮಧ್ಯಾಹ್ನದ ಮೇಲೆ ಬಳಿದರೆ ಕೆಲಸ ನೆರಳಿನಲ್ಲಿಯೇ ಸಾಗುತ್ತದೆ.

ಗೋಡೆಯ ಪರೀಕ್ಷೆ

ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಅರಳಿದ್ದರೆ ಅದರ ಕಾರಣ ರೈತರಿಗೆ ಹೊಸದಲ್ಲ. ನೀರು ನಿಂತ ಕಪ್ಪು ಭೂಮಿಯಲ್ಲಿ ತೇವದೊಂದಿಗೆ ಉಪ್ಪು ಮೇಲೇರಿ, ನೀರು ಆವಿಯಾದ ಮೇಲೆ ಮಣ್ಣಿನ ಮೇಲೆ ಉಳಿಯುವಂತೆಯೇ ಇಲ್ಲಿಯೂ ಆಗುತ್ತದೆ. ಹೊಲದಲ್ಲಿ ಬಸಿಗಾಲುವೆ ತೆಗೆಯುವಂತೆ ಮನೆಯ ಸುತ್ತಲೂ ನೀರು ಹರಿದುಹೋಗಲು ದಾರಿ ಮಾಡಬೇಕು. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಒಡೆದ ಹೆಂಚು, ಸೋರುವ ದಂಬೆಗಳನ್ನು ಮೊದಲು ಸರಿಪಡಿಸಬೇಕು. ಉಪ್ಪನ್ನು ಒಣ ಕುಂಚದಿಂದ ಗುಡಿಸಿ ತೆಗೆಯಬೇಕು. ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ.

ತೇವ ತಿಳಿಯಲು ಸುಲಭವಾದ ಉಪಾಯವುಂಟು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಳಗೋಡೆಗೆ ಗಾಳಿಯಾಡದಂತೆ ನಾಲ್ಕೂ ಕಡೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆ ಇನ್ನೂ ಆರಿಲ್ಲವೆಂದು ತಿಳಿದು ಕಾಯಬೇಕು.

ಯಾವ ಗೋಡೆಗೆ ಯಾವುದು?

ಮಣ್ಣಿನ ಗೋಡೆಗೆ ಸುಣ್ಣ ಅಥವಾ ಕೆಮ್ಮಣ್ಣೇ ಉತ್ತಮ. ಇವು ಗೋಡೆಯ ತೇವ ಹೊರಗೆ ಹೋಗಲು ಬಿಡುತ್ತವೆ. ಅಂತಹ ಗೋಡೆಗೆ ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಮಣ್ಣು ಸಡಿಲವಾಗುತ್ತದೆ. ಸಿಮೆಂಟ್ ಗಾರೆಯ ಹೊರಗೋಡೆಗೆ ಸಿಮೆಂಟ್ ಬಣ್ಣ ಆಗಬಹುದು. ಆದರೆ ಹಳೆಯ ಸುಣ್ಣವನ್ನು ಪೂರ್ತಿ ಕೆರೆದು ತೆಗೆಯಬೇಕು, ಗೋಡೆಗೆ ನೀರು ಚಿಮುಕಿಸಿ ಬಳಿಯಬೇಕು, ಕಲಸಿದ ಬಣ್ಣವನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಬಣ್ಣ ಗಟ್ಟಿಯಾದ ಮೇಲೆ ಮತ್ತೆ ನೀರು ಹೊಡೆಯಬೇಕು.

ಹಳೆಯ ಬಣ್ಣದಲ್ಲಿರುವ ಅಪಾಯ

ಹಳೆಯ ಬಾಗಿಲು, ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸವಿರಬಹುದು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೆ ಮೊದಲು ಬಳಿದ ಬಣ್ಣವನ್ನು ಸಂಶಯದಿಂದಲೇ ನೋಡಬೇಕು. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಗರ್ಭಿಣಿಯರಿಗೂ ಅದು ಅಪಾಯಕರ. ಉದುರಿದ ಬಣ್ಣ ನೆಕ್ಕಿದ ಕರುಗಳು ವಿಷವೇರಿ ಸಾಯುವುದುಂಟು.

ಆದುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬಾರದು, ಸುಟ್ಟು ತೆಗೆಯಲೂಬಾರದು. ನೀರು ಹಚ್ಚಿ, ನೀರಿಗೆ ತಡೆಯುವ ಉಜ್ಜುಕಾಗದದಿಂದ ಉಜ್ಜಬೇಕು. ಕೆಳಗೆ ಹಳೆಯ ತಾಡಪಾಲು ಹಾಸಿ, ಚೂರುಗಳನ್ನು ಕಟ್ಟಿ ತೆಗೆಯಬೇಕು. ಅವು ತಿಪ್ಪೆಗೆ ಬಿದ್ದರೆ ಗೊಬ್ಬರದ ಮೂಲಕ ಹೊಲ ಸೇರುತ್ತವೆ. ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿ ನೋಡಬೇಕು.

ಸುಣ್ಣ ಅರಳಿಸುವ ಕ್ರಮ

ಹೊಸದಾಗಿ ಸುಟ್ಟ ಸುಣ್ಣದ ಕಲ್ಲನ್ನೇ ತರಬೇಕು. ಒಂದು ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಬೇಕು. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಕಾವಿಗೆ ಕರಗೀತು, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಕಬ್ಬಿಣದ ಅಗಲ ಬಾನಿ ಒಳ್ಳೆಯದು. ಒಂದು ದಿನ ಹಾಗೆಯೇ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಅಂಟು ಬೆರೆಸಬೇಕು. ನಂತರ ಹಾಲಿನಂತೆ ತೆಳುವಾಗುವಷ್ಟು ನೀರು ಸೇರಿಸಬೇಕು.

ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ತೆಳುವಾಗಿ ಮೂರು ಸಲ ಬಳಿಯುವುದು ಲೇಸು. ಪ್ರತಿ ಸಲವೂ ಕುಂಚ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಬಳಿಕ ಅಡ್ಡಡ್ಡವಾಗಿ ಆಡಬೇಕು. ಒಂದು ಸಲದ್ದು ಆರಿದ ಮೇಲೆ ಮತ್ತೊಂದು.

ಮಕ್ಕಳನ್ನು ಬಾನಿಯ ಹತ್ತಿರ ಬಿಡಬಾರದು. ಸುಣ್ಣ ಕಣ್ಣಿಗೆ ಸಿಡಿದರೆ ತಕ್ಷಣ ಶುದ್ಧ ನೀರಿನಿಂದ ಕನಿಷ್ಠ 20 ನಿಮಿಷ ತೊಳೆದು, ಯಾವ ಮನೆಮದ್ದನ್ನೂ ಹಾಕದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ತಡಮಾಡಿದರೆ ದೃಷ್ಟಿಯೇ ಹೋಗಬಹುದು.

ಕಾಳಿನ ಕೋಣೆ

ಕಾಳಿನ ಹುಳುಗಳು ಗೋಡೆಯ ಬಿರುಕುಗಳಲ್ಲಿ ಅಡಗಿ ಮುಂದಿನ ಸುಗ್ಗಿಗೆ ಕಾದಿರುತ್ತವೆ. ಹಳೆಯ ಕಾಳು, ಹೊಟ್ಟನ್ನು ಗುಡಿಸಿ ತೆಗೆದು, ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ನಂತರ ಸುಣ್ಣ ಹೊಡೆಯಬೇಕು. ಸುಣ್ಣದೊಂದಿಗೆ ಕೀಟನಾಶಕ ಬೆರೆಸುವುದು ವ್ಯರ್ಥ. ಸುಣ್ಣ ಕ್ಷಾರಗುಣದ್ದು, ಮೆಲಾಥಿಯಾನ್ ಅದರಲ್ಲಿ ಬೇಗನೆ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ. ಔಷಧಿ ಬೇಕೆನಿಸಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬಳಸಬೇಕು.

ಎಷ್ಟು ತರಬೇಕು?

12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಸುತ್ತಳತೆ 44 ಅಡಿ, ಗೋಡೆಯ ಕ್ಷೇತ್ರ 440 ಚದರಡಿ. ಒಂದು ಬಾಗಿಲಿಗೆ 21, ಒಂದು ಕಿಟಕಿಗೆ 12 ಕಳೆದರೆ 407 ಉಳಿಯುತ್ತದೆ. ಒರಟು ಗೋಡೆ ಹೆಚ್ಚು ಕುಡಿಯುತ್ತದೆ, ನಯವಾದುದು ಕಡಿಮೆ. ಸಿಂಪರಣೆಗೆ ಮೊದಲು ಪಂಪಿನ ನೀರು ಅಳೆದುಕೊಳ್ಳುವಂತೆ, ಮೊದಲು ಒಂದು ಗೋಡೆಗೆ ಬಳಿದು ಖರ್ಚು ನೋಡಿ ಉಳಿದುದನ್ನು ಲೆಕ್ಕ ಹಾಕಿದರೆ ಡಬ್ಬಿಗಳು ಮಿಗುವುದಿಲ್ಲ.

ಮೊದಲು ಮಾಡು, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ; ಈ ಕ್ರಮ ತಪ್ಪಬಾರದು. ನೀರಿಗೆ ದಾರಿ, ಗೋಡೆಗೆ ಹದ, ಕೆಲಸಕ್ಕೆ ಕಾಲ, ಈ ಮೂರೂ ಕೂಡಿದರೆ ಕಡಿಮೆ ಬೆಲೆಯ ಸುಣ್ಣವೂ ವರ್ಷವಿಡೀ ನಿಲ್ಲುತ್ತದೆ, ಮನೆಯ ಮಕ್ಕಳೂ ಮನೆಯೊಳಗಿನ ಕಾಳೂ ಕ್ಷೇಮವಾಗಿರುತ್ತವೆ.