ಕುಲಗಳ ನಾಡಿನಲ್ಲಿ ಸಮ್ಮಿಶ್ರ ಸರ್ಕಾರ



ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಲಭಿಸದಿದ್ದಾಗ ಎರಡು ಮೂರು ಪಕ್ಷಗಳು ಒಂದುಗೂಡಿ ಅಧಿಕಾರ ವಹಿಸಿಕೊಳ್ಳುವುದನ್ನು ನಾವು ಸಮ್ಮಿಶ್ರ ಸರ್ಕಾರವೆನ್ನುತ್ತೇವೆ. ಆದರೆ ಪಕ್ಷಗಳು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲಿನಿಂದಲೂ ಜನರು ತಮ್ಮ ಜೀವಕ್ಕೂ ಸ್ವತ್ತಿಗೂ ಕುಲವನ್ನೇ ನಂಬಿ ಬಾಳಿಕೊಂಡು ಬಂದಿರುವ ನಾಡಿನಲ್ಲಿ ಇಂಥ ಒಡಂಬಡಿಕೆಯೇ ರಾಜ್ಯದ ತಳಹದಿ. ಅದನ್ನು ಯಾರ ಎದುರಿಗೆ ಮಾಡಿಕೊಳ್ಳುತ್ತಾರೆ, ಮತದಾನಕ್ಕೆ ಮುಂಚೆ ಮಾಡಿಕೊಳ್ಳುತ್ತಾರೋ ಆಮೇಲೋ, ಎಂಬುದರ ಮೇಲೆ ಆ ರಾಜ್ಯದ ಅಳಿವು ಉಳಿವು ನಿಂತಿರುತ್ತದೆ. ಆಫ್ರಿಕಾ ಖಂಡದ ಪೂರ್ವದ ಕೊಂಬಿನಲ್ಲಿ, ಏಡನ್ ಕೊಲ್ಲಿಗೂ ಹಿಂದೂ ಮಹಾಸಾಗರಕ್ಕೂ ಮೈಚಾಚಿಕೊಂಡಿರುವ ಸೋಮಾಲಿಗಳ ನಾಡು ಇದಕ್ಕೆ ಎರಡು ಬಗೆಯ ನಿದರ್ಶನಗಳನ್ನು ಒದಗಿಸಿರುವುದರಿಂದ ಇಂದಿನ ಭಾಷಣಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಆಡುವ ಭಾಷೆಯಿಂದಾಗಲಿ, ಆಚರಿಸುವ ಧರ್ಮದಿಂದಾಗಲಿ ಸೋಮಾಲಿಗಳಲ್ಲಿ ಭಿನ್ನತೆ ಹೆಚ್ಚಿಲ್ಲ. ಬಹುತೇಕ ಎಲ್ಲರೂ ಮುಸಲ್ಮಾನರು, ಬಹುತೇಕ ಎಲ್ಲರ ನುಡಿಯೂ ಸೋಮಾಲಿಯೇ. ಅವರನ್ನು ಬೇರ್ಪಡಿಸುವುದು ವಂಶಾವಳಿ. ದಾರೋದ್, ಹವಿಯೆ, ದಿರ್, ಇಸಾಖ್, ದಿಗಿಲ್-ಮಿರಿಫ್ಲೆ ಎಂಬ ಮಹಾಕುಲಗಳು, ಒಂದೊಂದರೊಳಗೆ ಕುಲಗಳು, ಅವುಗಳೊಳಗೆ ಉಪಕುಲಗಳು, ಹೀಗೆ ಕವಲೊಡೆಯುತ್ತ ಹೋಗುವ ಈ ವಂಶವೃಕ್ಷದಲ್ಲಿ ತನ್ನ ಸ್ಥಾನವೆಲ್ಲಿ ಎಂಬುದನ್ನು ತಂದೆ, ತಾತ, ಮುತ್ತಾತಂದಿರ ಹೆಸರುಗಳ ಸರಣಿಯಾಗಿ ಮಗು ಎಳವೆಯಲ್ಲೇ ಬಾಯಿಪಾಠ ಮಾಡುತ್ತದೆ. ಇದನ್ನು ಬರಿಯ ಒಣ ಅಭಿಮಾನವೆಂದು ಭಾವಿಸುವವರು ಆ ನಾಡಿನ ಬಾಳನ್ನು ಹತ್ತಿರದಿಂದ ನೋಡಿಲ್ಲ. ಮಳೆ ಬಿದ್ದ ಕಡೆಗೆ ಒಂಟೆ ಕುರಿಗಳನ್ನು ಅಟ್ಟಿಕೊಂಡು ಹೋಗುವ ಪಶುಪಾಲಕನಿಗೆ ಪೋಲೀಸಿನವನೂ ನ್ಯಾಯಾಧೀಶನೂ ಎಟುಕದ ದೂರದಲ್ಲಿರುತ್ತಾರೆ. ಬಾವಿಯ ಬಳಿ ನಡೆದ ಜಗಳದಲ್ಲಿ ಅವನ ಕೈಯಿಂದ ಒಬ್ಬ ಸತ್ತನೆಂದರೆ, ಸತ್ತವನ ಕಡೆಯವರಿಗೆ ಸಂಪ್ರದಾಯದಂತೆ 100 ಒಂಟೆಗಳನ್ನು ಒಪ್ಪಿಸಬೇಕಾಗುತ್ತದೆ. ಒಂಟಿ ಮನುಷ್ಯನಿಗೆ ಅಷ್ಟು ಒಂಟೆಗಳು ಎಲ್ಲಿಂದ ಬರಬೇಕು? ಅದನ್ನು ಕೂಡಿಹಾಕಿ ಕೊಡುವ ಬಾಧ್ಯತೆ ಅವನ ರಕ್ತಸಂಬಂಧಿಗಳ ಕೂಟದ್ದು. ಅವನೇ ಹತನಾದರೆ ಪರಿಹಾರ ಸಲ್ಲುವುದೂ ಅದೇ ಕೂಟಕ್ಕೆ. ಈ ಕಟ್ಟಳೆಗಳಿಗೆ ಹೇರ್ ಎಂದು ಹೆಸರು. ಪ್ರಾಣರಕ್ಷಣೆಯ ಈ ಹೊಣೆಯನ್ನು ಸರ್ಕಾರ ಹೊರದಿದ್ದಾಗ ಕುಲವನ್ನು ಬಿಟ್ಟುಬಿಡೆಂದು ಅವನಿಗೆ ಬೋಧಿಸುವುದು ಕ್ರೌರ್ಯವೇ ಸರಿ.

ಹಾಗೆಂದು ಕುಲವನ್ನು ಮೀರಬೇಕೆಂಬ ಹಂಬಲ ಅವರಲ್ಲಿ ಇರಲಿಲ್ಲವೆಂದಲ್ಲ. 1943ರ ಮೇ 15ರಂದು ಮೊಗದಿಶುವಿನಲ್ಲಿ 13 ಮಂದಿ ಕಟ್ಟಿದ ತರುಣರ ಸಂಘವು ಮುಂದೆ ಸೋಮಾಲಿ ಯೂತ್ ಲೀಗ್ ಎಂಬ ಪಕ್ಷವಾಗಿ ಬೆಳೆದು, ಕುಲಭೇದವನ್ನು ತೊಡೆಯುವುದನ್ನು ತನ್ನ ಧ್ಯೇಯಗಳಲ್ಲಿ ಒಂದಾಗಿ ಸಾರಿತು. 1960ರ ಜುಲೈ 1ರಂದು ಬ್ರಿಟಿಷರ ಉತ್ತರಭಾಗವೂ ಇಟಲಿಯ ಆಡಳಿತದಲ್ಲಿದ್ದ ದಕ್ಷಿಣಭಾಗವೂ ಕೂಡಿ ಸ್ವತಂತ್ರ ಗಣರಾಜ್ಯವಾಯಿತು. ಮೊದಲನೆಯ ಅಧ್ಯಕ್ಷರಾದ ಆದನ್ ಅಬ್ದುಲ್ಲೆ ಉಸ್ಮಾನ್ ಅವರು 1967ರಲ್ಲಿ ಸೋತಾಗ ಶಾಂತವಾಗಿ ಅಧಿಕಾರವನ್ನು ಬಿಟ್ಟುಕೊಟ್ಟುದು ಅಂದಿನ ಆಫ್ರಿಕಾದಲ್ಲಿ ಅಪರೂಪದ ಸಂಗತಿ. ಅವರ ಹೆಸರನ್ನು ಇಂದು ಹೊರನಾಡುಗಳಲ್ಲಿ ನೆನೆಯುವವರು ತೀರ ವಿರಳರೆಂಬುದು ನನಗೆ ಖೇದದ ವಿಷಯ.

ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1969ರ ಮಾರ್ಚಿನ ಚುನಾವಣೆಯಲ್ಲಿ 123 ಸ್ಥಾನಗಳಿಗಾಗಿ 60ಕ್ಕೂ ಹೆಚ್ಚು ಪಕ್ಷಗಳು, 1000ಕ್ಕೂ ಮಿಕ್ಕಿದ ಅಭ್ಯರ್ಥಿಗಳು ಸ್ಪರ್ಧಿಸಿದರು. ಪಕ್ಷವೆಂದರೆ ಅಲ್ಲಿ ಸಿದ್ಧಾಂತವಾಗಿರಲಿಲ್ಲ, ಕಾರ್ಯಕ್ರಮವಾಗಿರಲಿಲ್ಲ. ದೊಡ್ಡ ಪಕ್ಷದಲ್ಲಿ ತನ್ನವನಿಗೆ ಟಿಕೆಟ್ ಸಿಗಲಿಲ್ಲವೆಂದು ಮುನಿದ ಒಂದೊಂದು ಉಪಕುಲವೂ ತನ್ನದೇ ಪಕ್ಷವನ್ನು ಹುಟ್ಟುಹಾಕಿತ್ತು. ಲೀಗಿಗೆ 73 ಸ್ಥಾನಗಳು ಬಂದವು. ಸಭೆ ಸೇರುತ್ತಲೇ, ಉಳಿದ ಪಕ್ಷಗಳಿಂದ ಗೆದ್ದುಬಂದವರು, ಮಾಜಿ ಪ್ರಧಾನಿ ಅಬ್ದಿರಜಾಕ್ ಹಾಜಿ ಹುಸೇನರೊಬ್ಬರ ಹೊರತು, ಎಲ್ಲರೂ ಆಳುವ ಪಕ್ಷದ ಬೆಂಚುಗಳಿಗೆ ದಾಟಿಹೋದರು. ಮತ ಕೊಟ್ಟ ಬಂಧುಗಳಿಗೆ ನೌಕರಿಯೋ ಗುತ್ತಿಗೆಯೋ ದೊರಕಬೇಕಾದರೆ ಸರ್ಕಾರದ ಬೊಕ್ಕಸಕ್ಕೆ ಹತ್ತಿರವಿರಬೇಕಷ್ಟೆ. ಇದೂ ಒಂದು ಸಮ್ಮಿಶ್ರ ಸರ್ಕಾರವೇ. ಆದರೆ ಇಲ್ಲಿನ ಒಪ್ಪಂದ ಮತದಾನ ಮುಗಿದ ಮೇಲೆ, ಮತದಾರನ ಬೆನ್ನ ಹಿಂದೆ ಆದದ್ದು, ವಿರೋಧಪಕ್ಷವೆಂಬುದನ್ನೇ ಉಳಿಸದೆ ಆದದ್ದು. ಅದೇ ವರ್ಷ ಅಕ್ಟೋಬರ್ 15ರಂದು ಅಧ್ಯಕ್ಷ ಶೆರ್ಮಾರ್ಕೆ ಹತ್ಯೆಗೀಡಾದರು. 21ರಂದು ಸೈನ್ಯಾಧಿಪತಿ ಸಿಯಾದ್ ಬರ್ರೆ ಅಧಿಕಾರವನ್ನು ಕಿತ್ತುಕೊಂಡನು. ಕುಲದ ಹೆಸರೆತ್ತುವುದನ್ನೇ ನಿಷೇಧಿಸಿದ ಆತನು ತಾನು ಮಾತ್ರ ತನ್ನ ತಂದೆ, ತಾಯಿ ಮತ್ತು ಅಳಿಯನ ಕುಲಗಳನ್ನು ನೆಚ್ಚಿಕೊಂಡು ಆಳಿದನು. ಉತ್ತರದ ಇಸಾಖ್ ಕುಲದವರು ತಿರುಗಿಬಿದ್ದಾಗ, 1988ರಲ್ಲಿ, ತನ್ನದೇ ನಾಡಿನ ಹರ್ಗೈಸಾ ನಗರದ ಮೇಲೆ ಬಾಂಬು ಸುರಿಸಿದನು. 1991ರ ಜನವರಿಯಲ್ಲಿ ಆತನು ಪಲಾಯನ ಮಾಡಿದಾಗ ರಾಜ್ಯವೆಂಬುದೇ ಉಳಿದಿರಲಿಲ್ಲ.

ದಕ್ಷಿಣದವರು ಕಂಡುಕೊಂಡ ಪರಿಹಾರ ಅಂಕಗಣಿತದ್ದು. 2000ದಲ್ಲಿ ಜಿಬೂತಿಯ ಆರ್ತಾದಲ್ಲಿ ಸೇರಿದ ಸಮ್ಮೇಳನವು ನಾಲ್ಕೂವರೆಯ ಸೂತ್ರವನ್ನು ಅಂಗೀಕರಿಸಿತು: ಇಸಾಖರನ್ನು ದಿರ್ ಕುಲದೊಳಗೇ ಎಣಿಸಿ ನಾಲ್ಕು ಮಹಾಕುಲಗಳಿಗೆ ಸಮಪಾಲು, ಮಿಕ್ಕವರಿಗೆಲ್ಲ ಸೇರಿ ಅರ್ಧ ಪಾಲು. ಮುಂದೆ 275 ಸ್ಥಾನಗಳ ಸಂಸತ್ತು ರಚಿತವಾದಾಗ ನಾಲ್ವರಿಗೆ 61ರಂತೆಯೂ ಅಲ್ಪಸಂಖ್ಯಾತರಿಗೆ 31ರಂತೆಯೂ ಹಂಚಿಕೆಯಾಯಿತು. ಬಂದೂಕುಗಳನ್ನು ಕೆಳಗಿಡಿಸುವುದಕ್ಕೆ ಇದು ನೆರವಾಯಿತೆಂಬುದನ್ನು ಅಲ್ಲಗಳೆಯಲಾರೆ. ಆದರೆ ಕರಾವಳಿಯ ಹಳೆಯ ವರ್ತಕರು, ನದೀತೀರದ ಬಂಟು ಬೇಸಾಯಗಾರರು, ಕಮ್ಮಾರಿಕೆಯ ಮನೆತನಗಳು, ಇವರನ್ನೆಲ್ಲ ಅರ್ಧವೆಂದು ಶಾಸನಸಭೆಯ ಲೆಕ್ಕದಲ್ಲಿ ಬರೆದಿಡುವುದನ್ನು ಯಾವ ಸಮಾಧಾನದಿಂದ ಒಪ್ಪುವುದು? ತಾತ್ಕಾಲಿಕವೆಂದು ಬಂದ ಸೂತ್ರ 2022ರಲ್ಲಿಯೂ ಅಳಿದಿರಲಿಲ್ಲ. ಆ ಸಲದ ಸಂಸತ್ಸದಸ್ಯರನ್ನು ಆರಿಸಿದವರು ಪ್ರಜೆಗಳಲ್ಲ, ಸ್ಥಾನಕ್ಕೆ 101ರಂತೆ ಕುಲಗಳಿಂದ ನಿಯುಕ್ತರಾದ ಪ್ರತಿನಿಧಿಗಳು.

ಉತ್ತರದ ಸೋಮಾಲಿಲ್ಯಾಂಡ್ ಬೇರೆ ದಾರಿ ಹಿಡಿಯಿತು. 1991ರ ಮೇ 18ರಂದು ಅದು ತಾನು ಪ್ರತ್ಯೇಕ ರಾಜ್ಯವೆಂದು ಸಾರಿಕೊಂಡರೂ ಜಗತ್ತಿನ ಬಹುತೇಕ ರಾಷ್ಟ್ರಗಳ ಮನ್ನಣೆ ಅದಕ್ಕೆ ದೊರೆತಿಲ್ಲ. 1993ರಲ್ಲಿ ಬೊರಾಮಾ ಪಟ್ಟಣದಲ್ಲಿ ಸುಮಾರು 150 ಮಂದಿ ಹಿರಿಯರು ತಿಂಗಳುಗಟ್ಟಲೆ ಕುಳಿತು, ಹಳೆಯ ಕೊಲೆಗಳ ಬಾಕಿಗಳನ್ನು ತೀರಿಸಿಕೊಂಡು, ಕುಲದ ಹಿರಿಯರ ಸಭೆಯಾದ ಗೂರ್ತಿಯನ್ನೇ ಮೇಲ್ಮನೆಯನ್ನಾಗಿ ಮಾಡಿದರು. ಅಷ್ಟಕ್ಕೇ ನಿಂತಿದ್ದರೆ ಇದೂ ದಕ್ಷಿಣದ ಮಾದರಿಯಂತೆಯೇ ಆಗುತ್ತಿತ್ತು. ಆದರೆ 2001ರಲ್ಲಿ ಜನಮತದಿಂದ ಸ್ಥಿರವಾದ ಸಂವಿಧಾನದಲ್ಲಿ ಒಂದು ವಿಧಿ ಸೇರಿತು: ರಾಜ್ಯದಲ್ಲಿ ಮೂರಕ್ಕಿಂತ ಹೆಚ್ಚು ಪಕ್ಷಗಳು ಇರಕೂಡದು, ಮತ್ತು ಯಾವ ಪಕ್ಷವೂ ಕುಲವನ್ನಾಗಲಿ ಪ್ರಾಂತವನ್ನಾಗಲಿ ಆಧಾರವಾಗಿ ಇಟ್ಟುಕೊಳ್ಳಕೂಡದು. ಮೊದಲನೆಯ ಸಲ ಆರು ಸಂಘಗಳು ಸ್ಥಳೀಯ ಚುನಾವಣೆಗೆ ನಿಂತವು. ಅವುಗಳಲ್ಲಿ ಮುಂದೆ ಬಂದ ಮೂರಕ್ಕೆ ಮಾತ್ರ ಪಕ್ಷದ ಸ್ಥಾನ ಸಿಕ್ಕಿತು. ಸಂಘಟನೆಯ ಸ್ವಾತಂತ್ರ್ಯವನ್ನು ಹೀಗೆ ಕತ್ತರಿಸುವುದು ಸರಿಯೇ ಎಂದು ಕೇಳುವವರ ಆಕ್ಷೇಪದಲ್ಲಿ ಹುರುಳಿದೆ. ಆದರೂ ಅದರ ಪರಿಣಾಮವನ್ನು ನೋಡಬೇಕು. ತನ್ನ ಕುಲವೊಂದನ್ನೇ ನಂಬಿದವನಿಗೆ ಗೆಲುವು ಅಸಾಧ್ಯವಾದುದರಿಂದ ಅಭ್ಯರ್ಥಿಗಳ ಪಟ್ಟಿ ಸಿದ್ಧವಾಗುವಾಗಲೇ ಬೇರೆ ಕುಲದವರ ಮನೆಬಾಗಿಲಿಗೆ ಹೋಗಿ, ಕೊಡುವುದೇನು ಕೊಳ್ಳುವುದೇನು ಎಂಬುದನ್ನು ಮಾತನಾಡಿಕೊಳ್ಳಬೇಕಾಯಿತು. ಒಪ್ಪಂದ ಮತದಾನ ಮುಗಿದ ಮೇಲೆ ನಡೆಯದೆ ಅದಕ್ಕೆ ಮುಂಚೆಯೇ ನಡೆಯಿತು. ಮತದಾರನು ಅದನ್ನು ಅಳೆದು ನೋಡಿ ತೀರ್ಪು ಕೊಡುವಂತಾಯಿತು.

2003ರ ಅಧ್ಯಕ್ಷ ಚುನಾವಣೆಯಲ್ಲಿ ದಾಹಿರ್ ರಿಯಾಲೆಯವರು ಸಿಲಾನ್ಯೋ ಅವರನ್ನು ಸೋಲಿಸಿದುದು 80 ಮತಗಳ ಅಂತರದಿಂದ. ರಿಯಾಲೆ ಇಸಾಖ್ ಮಹಾಕುಲಕ್ಕೆ ಸೇರಿದವರೇ ಅಲ್ಲ. ಸಿಲಾನ್ಯೋ ಬಹುಸಂಖ್ಯಾತ ಇಸಾಖರು, ಯುದ್ಧಕಾಲದ ನಾಯಕರು. ಬಂದೂಕಿಲ್ಲದ ಮನೆ ವಿರಳವಾಗಿದ್ದ ಆ ನಾಡಿನಲ್ಲಿ 80 ಮತಗಳಿಗಾಗಿ ಏನು ಬೇಕಾದರೂ ಆಗಬಹುದಾಗಿತ್ತು. ಸಿಲಾನ್ಯೋ ನ್ಯಾಯಾಲಯಕ್ಕೆ ಹೋದರು, ಅಲ್ಲಿಯೂ ಸೋತರು, ಹಿರಿಯರ ಮಾತಿಗೆ ತಲೆಬಾಗಿ ಸೋಲನ್ನು ಒಪ್ಪಿಕೊಂಡರು. 2010ರಲ್ಲಿ ಅವರೇ ಗೆದ್ದಾಗ ರಿಯಾಲೆ ಅಷ್ಟೇ ಗೌರವದಿಂದ ಕೆಳಗಿಳಿದರು. 2021ರಲ್ಲಿ 82 ಸ್ಥಾನಗಳ ಕೆಳಮನೆಯಲ್ಲಿ ವದ್ದನಿ ಪಕ್ಷಕ್ಕೆ 31, ಆಳುವ ಕುಲ್ಮಿಯೆಗೆ 30, ಯುಸಿಐಡಿಗೆ 21 ಸ್ಥಾನಗಳು ಬಂದು, ಮೊದಲನೆಯದೂ ಮೂರನೆಯದೂ ಕೂಡಿಕೊಂಡು ಸಭಾಧ್ಯಕ್ಷರನ್ನು ಆರಿಸಿದಾಗ ಅದನ್ನು ಯಾರೂ ದ್ರೋಹವೆನ್ನಲಿಲ್ಲ.

ಈ ವ್ಯವಸ್ಥೆಯ ನೋವುಗಳನ್ನು ಮುಚ್ಚಿಡಲಾಗದು. ಅದೇ 2021ರಲ್ಲಿ ಕೆಳಮನೆಯ ಚುನಾವಣೆಗೆ ನಿಂತ 13 ಮಹಿಳೆಯರಲ್ಲಿ ಒಬ್ಬರೂ ಗೆಲ್ಲಲಿಲ್ಲ. ಹುಟ್ಟಿದ ಕುಲದ ಹಿರಿಯರು ಆಕೆಯನ್ನು ಗಂಡನ ಮನೆಯವಳೆನ್ನುತ್ತಾರೆ, ಗಂಡನ ಕುಲದವರು ತಂದೆಯ ಮನೆಯವಳೆನ್ನುತ್ತಾರೆ. ಎರಡು ಕುಲಗಳ ನಡುವೆ ಸಂಧಾನಕ್ಕೆ ಆಕೆಯಷ್ಟು ಯೋಗ್ಯರು ಬೇರಾರೂ ಇಲ್ಲದಿದ್ದಾಗಲೂ ಎರಡೂ ಕಡೆಯ ಮತ ಆಕೆಗೆ ತಪ್ಪಿಹೋಗುತ್ತದೆ. ಗೂರ್ತಿಯ ಹಿರಿಯರು ಒಮ್ಮೆಯೂ ಜನರ ಮತವನ್ನು ಎದುರಿಸದೆ ಅವಧಿಯ ಮೇಲೆ ಅವಧಿಯನ್ನು ವಿಸ್ತರಿಸಿಕೊಂಡಿದ್ದಾರೆ; ಬೊರಾಮಾದಲ್ಲಿ ನಾಡನ್ನು ಉಳಿಸಿದ ಸಂಸ್ಥೆಗೆ ಇದು ಶೋಭಿಸದು. ಪೂರ್ವದ ಲಾಸ್ ಆನೋದ್ ಪ್ರದೇಶದ ಧುಲ್ಬಹಾಂತೆ ಕುಲದವರಿಗಂತೂ ಈ ಮೂರು ಪಕ್ಷಗಳ ಒಪ್ಪಂದಗಳಲ್ಲಿ ತಮ್ಮ ಪಾಲು ಎಂದೂ ತೃಪ್ತಿಕರವಾಗಿ ಕಾಣಲಿಲ್ಲ. 2023ರ ಫೆಬ್ರವರಿಯಲ್ಲಿ ಅವರ ಹಿರಿಯರು ತಾವು ಮೊಗದಿಶುವಿನ ಕಡೆಯವರೆಂದು ಘೋಷಿಸಿದರು, ತಿಂಗಳುಗಟ್ಟಲೆ ಯುದ್ಧ ನಡೆಯಿತು, ಆಗಸ್ಟಿನಲ್ಲಿ ಸೋಮಾಲಿಲ್ಯಾಂಡಿನ ಸೇನೆ ಹಿಂದೆ ಸರಿಯಿತು. 2024ರ ನವೆಂಬರ್ 13ರಂದು ನಡೆದ ಚುನಾವಣೆಯಲ್ಲಿ ವದ್ದನಿಯ ಅಬ್ದಿರಹಮಾನ್ ಇರ್ರೋ ಅವರು ಆಳುತ್ತಿದ್ದ ಅಧ್ಯಕ್ಷ ಮೂಸೆ ಬಿಹಿ ಅವರನ್ನು ಸೋಲಿಸಿದರು, ಬಿಹಿ ಅಧಿಕಾರವನ್ನು ಬಿಟ್ಟುಕೊಟ್ಟರು. ಲಾಸ್ ಆನೋದಿನಲ್ಲಿ ಮತಗಟ್ಟೆ ತೆರೆಯಲಿಲ್ಲ.