ಫೆಲೋಶಿಪ್ ರಿಸಲ್ಟ್ ಬರೋವರೆಗೆ: 121 ದಿನ ಮತ್ತು 90 ದಿನದ ನೋಟಿಸ್ ಪೀರಿಯಡ್

ಪುಣೆ, ಹೈದರಾಬಾದ್, ಚೆನ್ನೈ ಕಡೆ ಐಟಿಯಲ್ಲಿರೋ ನಮ್ಮವರಲ್ಲಿ ಎಷ್ಟೋ ಜನರ ಮನೆ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಇರುತ್ತೆ. ಅದರಲ್ಲಿ ಡಿಗ್ರಿ ಮಾರ್ಕ್ಸ್ ಕಾರ್ಡಿನ ಸ್ಕ್ಯಾನು, ಅರ್ಧ ಬರೆದ ರಿಸರ್ಚ್ ಪ್ರಪೋಸಲ್ಲು, ಎರಡು ವರ್ಷ ಹಿಂದೆ ಡೌನ್‌ಲೋಡ್ ಮಾಡಿದ ಹಳೇ ಪ್ರಶ್ನೆಪತ್ರಿಕೆಗಳು. ಆಫೀಸಲ್ಲಿ ಯಾರಿಗೂ ಹೇಳಿರಲ್ಲ. ಕೆಲವರು ಮನೆಯಲ್ಲೂ ಹೇಳಿರಲ್ಲ. ಇವತ್ತಿನ ಮಾತು ಆ ಫೋಲ್ಡರ್ ಇಟ್ಕೊಂಡಿರೋರಿಗೆ. ತಯಾರಿ ಹೇಗೆ ಮಾಡಬೇಕು ಅನ್ನೋದಕ್ಕೆ ಯೂಟ್ಯೂಬ್ ತುಂಬಾ ಗುರುಗಳಿದ್ದಾರೆ, ಅದನ್ನು ಅವರಿಗೇ ಬಿಡ್ತೀನಿ. ಬರೆದಾದ ಮೇಲೆ ಕಾಯೋದಿದೆಯಲ್ಲ, ಅದರ ಬಗ್ಗೆ ನಾಲ್ಕು ಮಾತು.

ನಾನು ಹೇಳ್ತಿರೋದು ಜೆಆರ್‌ಎಫ್, ಅಂದ್ರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಬಗ್ಗೆ. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ನೆಗೆಟಿವ್ ಮಾರ್ಕಿಂಗ್ ಇಲ್ಲ. ಎಂಸಿಎ ಮಾಡಿದ ನನ್ನಂಥವರಿಗೆ ಕಂಪ್ಯೂಟರ್ ಸೈನ್ಸ್ ಅಂತಲೇ ಪ್ರತ್ಯೇಕ ವಿಷಯ ಇದೆ. ಫೆಲೋಶಿಪ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ ಆದರೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಈ ದರ 2023ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ 31,000 ಮತ್ತು 35,000 ಇತ್ತು. ಹಿಂಜೆವಾಡಿಯಲ್ಲಿ ಏಳು ವರ್ಷ ಕೆಲಸ ಮಾಡಿದವನಿಗೆ ಇದು ಸಂಬಳದಲ್ಲಿ ಮೂರನೇ ಒಂದು ಭಾಗವೂ ಅಲ್ಲ. ನಮ್ಮಪ್ಪ ಚಳ್ಳಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಲೆಕ್ಕ ಕೇಳಿ ಒಂದು ನಿಮಿಷ ಸುಮ್ಮನಿದ್ದು, 'ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಅಲೀತಿದೀಯ' ಅಂದ್ರು. ಗಾದೆ ಅಲ್ಲಿಗೆ ಸರಿಯಾಗಿ ಕೂರಲ್ಲ. ಆದರೆ ಅವರ ಆತಂಕ ಏನು ಅಂತ ಗೊತ್ತಾಯ್ತು.

ನನ್ನ ಆತಂಕ ಬೇರೆ ಇತ್ತು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಐದು ವರ್ಷ ಸಡಿಲಿಕೆ ಇದೆ, ನನಗೆ ಯಾವುದೂ ಅನ್ವಯಿಸುತ್ತಿರಲಿಲ್ಲ. 2024ರ ಸೆಪ್ಟೆಂಬರಿಗೆ ನನಗೆ 30 ತುಂಬುತ್ತಿತ್ತು. ಹಾಗಾಗಿ 2024ರ ಜೂನ್ ಪರೀಕ್ಷೆಯೇ ಕೊನೆಯದು.

ಆ ಪರೀಕ್ಷೆ ಮೊದಲು ನಿಗದಿಯಾಗಿದ್ದು ಜೂನ್ 16, ಭಾನುವಾರ. ಭಾನುವಾರದ ಪರೀಕ್ಷೆಗೆ ರಜೆ ಬೇಡ, ಯಾರಿಗೂ ಹೇಳೋದೂ ಬೇಡ. ಆಮೇಲೆ ಅದೇ ದಿನ ಯುಪಿಎಸ್‌ಸಿ ಪ್ರಿಲಿಮ್ಸ್ ಇದೆ ಅಂತ 18ಕ್ಕೆ, ಮಂಗಳವಾರಕ್ಕೆ ಹೋಯ್ತು. ಸ್ಪ್ರಿಂಟಿನ ಮಧ್ಯದಲ್ಲಿ ರಜೆ. 'ಊರಿನ ಜಮೀನಿನ ಕೆಲಸ' ಅಂದೆ. ಐಟಿಯಲ್ಲಿರೋ ಕನ್ನಡಿಗರು ಈ ಜಮೀನಿನ ಹೆಸರಲ್ಲಿ ತಗೊಂಡ ರಜೆಗಳನ್ನೆಲ್ಲ ಕೂಡಿಸಿದ್ರೆ ನಮಗೆಲ್ಲ ಒಂದೊಂದು ಎಸ್ಟೇಟ್ ಇರಬೇಕಿತ್ತು.

ಜೂನ್ 18ರಂದು ದೇಶದಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಬರೆದರು. ಪೆನ್ನು, ಓಎಂಆರ್ ಹಾಳೆ. ನನಗೆ ಚೆನ್ನಾಗೇ ಆಗಿತ್ತು. ಮರುದಿನ, 19ರ ರಾತ್ರಿ, ಪರೀಕ್ಷೆ ರದ್ದು ಅಂತ ಸುದ್ದಿ ಬಂತು. ಪ್ರಶ್ನೆಪತ್ರಿಕೆ ಸೋರಿಕೆ ಆಗಿರಬಹುದು ಅಂತ ಸಂಶಯ, ಸಿಬಿಐ ತನಿಖೆ. ಅದಾಗಿ ಎರಡು ದಿನಕ್ಕೆ ವಿಜ್ಞಾನ ವಿಷಯಗಳ ಸಿಎಸ್‌ಐಆರ್-ನೆಟ್ ಕೂಡ ಮುಂದಕ್ಕೆ ಹೋಯ್ತು. ನನ್ನ ಹೆಂಡತಿಯ ತಂಗಿ ಕೆಮಿಸ್ಟ್ರಿಗೆ ಓದ್ತಿದ್ದಳು. ಒಂದೇ ವಾರದಲ್ಲಿ ಮನೆಯಲ್ಲಿ ಇಬ್ಬರು ಕ್ಯಾಲೆಂಡರ್ ಇಲ್ಲದವರಾದೆವು.

ಆ ಸೋರಿಕೆಯ ಕಥೆ ಆಮೇಲೆ ಏನಾಯ್ತು ಅಂತ ಹೆಚ್ಚು ಜನರಿಗೆ ಗೊತ್ತಿಲ್ಲ. ಟೆಲಿಗ್ರಾಮಿನಲ್ಲಿ ಓಡಾಡಿದ ಸ್ಕ್ರೀನ್‌ಶಾಟನ್ನು, ಪರೀಕ್ಷೆಗೆ ಮುಂಚೆಯೇ ಸಿಕ್ಕಿತ್ತು ಅನ್ನೋ ಹಾಗೆ ತಿದ್ದಲಾಗಿತ್ತು ಅಂತ ತನಿಖೆಯಲ್ಲಿ ಕಂಡುಬಂದಿದೆ ಅನ್ನೋ ವರದಿ ಜುಲೈನಲ್ಲಿ ಬಂತು. 2025ರ ಜನವರಿಯಲ್ಲಿ ಸಿಬಿಐ ಮುಕ್ತಾಯದ ವರದಿಯನ್ನೂ ಸಲ್ಲಿಸಿತು. ಅಷ್ಟು ಹೊತ್ತಿಗೆ ಮರುಪರೀಕ್ಷೆ ಆಗಿ, ರಿಸಲ್ಟೂ ಬಂದಾಗಿತ್ತು. ಜುಲೈನಲ್ಲಿ ಆ ಸುದ್ದಿ ಓದಿದಾಗ ನನಗೆ ಕೋಪ ಬರಲಿಲ್ಲ, ಸುಸ್ತಾಯ್ತು. ಪೈಥಾನ್ ಕೋಡಿನಲ್ಲಿ ತಪ್ಪಿದ್ರೆ ಲಾಗ್ ನೋಡಿ ಹುಡುಕಬಹುದು. ಇಲ್ಲಿ ಲಾಗ್ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲ.

ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ, ಈ ಸಲ ಕಂಪ್ಯೂಟರಿನಲ್ಲಿ. ರಿಸಲ್ಟ್ ಬಂದಿದ್ದು ಅಕ್ಟೋಬರ್ 17ಕ್ಕೆ. ಮೊದಲ ಪರೀಕ್ಷೆಯಿಂದ ಎಣಿಸಿದ್ರೆ 121 ದಿನ.

ಈ 121 ದಿನದಲ್ಲಿ ನನ್ನನ್ನು ಹಿಂಡಿದ್ದು ರಿಸಲ್ಟಿನ ಭಯ ಅಂತ ನೀವು ಅಂದುಕೊಳ್ಳಬಹುದು. ಅದು ರಾತ್ರಿ ಹೊತ್ತು ಮಾತ್ರ ಇರ್ತಿತ್ತು. ಹಗಲಲ್ಲಿ ಕಷ್ಟ ಕೊಟ್ಟಿದ್ದು ಬೇರೆಯವರ ತಾರೀಖುಗಳು. ಪುಣೆಯಲ್ಲಿ ಮನೆ ಬಾಡಿಗೆ ಅಂದ್ರೆ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟು. ನಮ್ಮದು ಆಗಸ್ಟಿನಲ್ಲಿ ಮುಗೀತಿತ್ತು. ಮಾಲೀಕರು ಒಳ್ಳೆಯವರೇ, ಆದರೆ ಈ ಸಲ ಆರು ತಿಂಗಳ ಲಾಕ್-ಇನ್ ಬೇಕು ಅಂದ್ರು. ಅದೇ ತಿಂಗಳು ಮ್ಯಾನೇಜರ್ ಕರೆದು, 'ಜನವರಿಯಲ್ಲಿ ಕ್ಲೈಂಟ್ ಹತ್ತಿರ ಆರು ತಿಂಗಳು ಹೋಗ್ತೀಯಾ, ವೀಸಾ ಪೇಪರ್ ಶುರು ಮಾಡೋಣ' ಅಂದ್ರು. ದಾವಣಗೆರೆಯಲ್ಲಿ ತಮ್ಮನ ಇಂಜಿನಿಯರಿಂಗ್ ಫೀಸು, ಅದು ನನ್ನ ಪಾಲಿಂದು. ಎಲ್ಲರೂ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ: ಜನವರಿಯಲ್ಲಿ ನೀನು ಎಲ್ಲಿರ್ತೀಯ? ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ಉತ್ತರ ಇಲ್ಲ ಅಂತ ಹೇಳೋ ಹಾಗೂ ಇರಲಿಲ್ಲ.

ನಾನೂ ನನ್ನ ಹೆಂಡತಿಯೂ ಒಂದು ಭಾನುವಾರ ಕೂತು ಒಂದು ಕೆಲಸ ಮಾಡಿದೆವು. ಯಾವ ನಿರ್ಧಾರ ವಾಪಸ್ ತಗೋಬಹುದು, ಅದಕ್ಕೆ ಎಷ್ಟು ದುಡ್ಡು ಹೋಗುತ್ತೆ ಅಂತ ಒಂದೊಂದರ ಮುಂದೆ ಬರೆದೆವು. ಬಾಡಿಗೆ ಲಾಕ್-ಇನ್ ಮುರಿದರೆ ಒಂದು ತಿಂಗಳ ಬಾಡಿಗೆ ಹೋಗುತ್ತೆ, ಸರಿ, ಸಹಿ ಹಾಕೋಣ. ಫೀಸು ಹೇಗೂ ಕಟ್ಟಲೇಬೇಕು. ಆನ್‌ಸೈಟ್ ಮಾತ್ರ ಹಾಗಲ್ಲ. ಕಂಪನಿ ನಮ್ಮ ಮೇಲೆ ಖರ್ಚು ಮಾಡಿದ ಮೇಲೆ ಬಾಂಡು, ಅದೂ ಇದೂ ಅಂತ ಬರುತ್ತೆ. ಅದನ್ನು ಬೇಡ ಅಂದೆ. ಮನೆ ಕಾರಣ ಕೊಟ್ಟೆ, ಆ ವರ್ಷದ ರೇಟಿಂಗ್ ಒಂದು ಮೆಟ್ಟಿಲು ಇಳೀತು. ರಿಸಲ್ಟ್ ಬರದೇ ಹೋಗಿದ್ರೂ ಆ ಬೆಲೆ ಕೊಟ್ಟಾಗಿರುತ್ತಿತ್ತು. ಅದು ತಿಳಿದೇ ಕೊಟ್ಟಿದ್ದು.

ಇನ್ನು ಈ ಮೌನದ ಒಳಗೆ ಏನು ನಡೀತಿರುತ್ತೆ ಅನ್ನೋದು. ನಮಗೆ ಡೆಡ್‌ಲೈನ್ ಅಭ್ಯಾಸ, ಟಿಕೆಟ್‌ಗೆ ಸ್ಟೇಟಸ್ ಇರಬೇಕು ಅನ್ನೋ ಅಭ್ಯಾಸ. ಇಲ್ಲಿ ಹಾಗಿಲ್ಲ. ಆದರೆ ಪೂರ್ತಿ ಕತ್ತಲೆಯೂ ಅಲ್ಲ. ಮೊದಲು ತಾತ್ಕಾಲಿಕ ಕೀ ಉತ್ತರ ಬರುತ್ತೆ, ಜೊತೆಗೆ ನೀವು ಒತ್ತಿದ ಉತ್ತರಗಳೂ ಕಾಣಿಸ್ತವೆ. ತಪ್ಪಿದೆ ಅನ್ನಿಸಿದ್ರೆ ಒಂದು ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪಣೆ ಹಾಕಬಹುದು. ನಾನು ಎರಡು ಹಾಕಿದೆ. ಆಮೇಲೆ ಅಂತಿಮ ಕೀ, ಆಮೇಲೆ ರಿಸಲ್ಟು. ಅಂದ್ರೆ ಸೆಪ್ಟೆಂಬರಿನಲ್ಲೇ ನನ್ನ ಅಂಕ ಎಷ್ಟು ಅಂತ ಹೆಚ್ಚುಕಮ್ಮಿ ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೂ ಪ್ರಯೋಜನ ಇಲ್ಲ, ಯಾಕಂದ್ರೆ ಎರಡೂ ಪತ್ರಿಕೆ ಬರೆದವರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಸಿಗೋದು ಸ್ವಲ್ಪ ಜನಕ್ಕೆ ಮಾತ್ರ, ಜೆಆರ್‌ಎಫ್ ಸಿಗೋರು ಅದಕ್ಕಿಂತ ಕಡಿಮೆ. ಕಟ್-ಆಫ್ ನಿಮ್ಮ ವಿಷಯದಲ್ಲಿ, ನಿಮ್ಮ ವರ್ಗದಲ್ಲಿ ಉಳಿದವರು ಹೇಗೆ ಬರೆದಿದ್ದಾರೆ ಅನ್ನೋದರ ಮೇಲೆ ನಿಲ್ಲುತ್ತೆ. ನನ್ನ ಅಂಕ ನನ್ನ ಕೈಲಿದೆ, ಅದರ ಅರ್ಥ ಮಾತ್ರ ಬೇರೆಯವರ ಹತ್ತಿರ ಇದೆ. ಈ ಹಂತದಲ್ಲಿ ಟೆಲಿಗ್ರಾಮ್ ಗ್ರೂಪುಗಳಲ್ಲಿ 'ನಿರೀಕ್ಷಿತ ಕಟ್-ಆಫ್' ಅಂತ ದಿನಕ್ಕೊಂದು ಪಟ್ಟಿ ಬರುತ್ತೆ. ಅದನ್ನು ಮಾಡೋರಿಗೆ ನಿಮಗಿಂತ ಹೆಚ್ಚೇನೂ ಗೊತ್ತಿರಲ್ಲ. ನನ್ನ ಹೆಂಡತಿ ನನಗೆ ದಿನಕ್ಕೆ ಒಂದೇ ಸಲ, ರಾತ್ರಿ ಒಂಬತ್ತಕ್ಕೆ, ವೆಬ್‌ಸೈಟ್ ನೋಡೋಕೆ ಅನುಮತಿ ಕೊಟ್ಟಿದ್ದಳು. ಒಂಬತ್ತಾಗೋಕೆ ಮುಂಚೆ ಎಷ್ಟು ಸಲ ನೋಡ್ತಿದ್ದೆ ಅನ್ನೋದು ಅವಳಿಗೂ ಗೊತ್ತಿತ್ತು.

ಅಕ್ಟೋಬರ್ 17, ಗುರುವಾರ. ಊರಲ್ಲಿ ವಾಲ್ಮೀಕಿ ಜಯಂತಿ ರಜೆ, ನಮಗೆ ಆಫೀಸು. ರಿಸಲ್ಟ್ ಬಂತು, ಜೆಆರ್‌ಎಫ್ ಆಗಿತ್ತು. ನನ್ನ ಪಕ್ಕದ ಟೀಮಿನಲ್ಲಿ ಬೆಳಗಾವಿ ಕಡೆಯ ಒಬ್ಬರಿದ್ದರು, ಅವರೂ ಬರೆದಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು ಕ್ಯಾಂಟೀನಿನಲ್ಲಿ. ಇಬ್ಬರೂ ನಾಲ್ಕು ತಿಂಗಳು ಒಂದೇ ಮಹಡಿಯಲ್ಲಿ ಒಂದೇ ವಿಷಯಕ್ಕೆ ಕಾದಿದ್ದೀವಿ, ಒಬ್ಬರಿಗೊಬ್ಬರು ಹೇಳಿಲ್ಲ. ಅವರಿಗೆ ಜೆಆರ್‌ಎಫ್ ತಪ್ಪಿತ್ತು, ಅಸಿಸ್ಟೆಂಟ್ ಪ್ರೊಫೆಸರ್ ಮತ್ತು ಪಿಎಚ್‌ಡಿ ಪ್ರವೇಶದ ಅರ್ಹತೆ ಬಂದಿತ್ತು. ಈ ವ್ಯವಸ್ಥೆ ಆ ಸಲವೇ ಹೊಸದಾಗಿ ಬಂದಿದ್ದು. ನೆಟ್ ಅಂಕಕ್ಕೆ 70 ಶೇಕಡಾ, ಸಂದರ್ಶನಕ್ಕೆ 30 ಶೇಕಡಾ ತೂಕ, ಆ ಅಂಕ ಒಂದೇ ವರ್ಷ ಚಾಲ್ತಿ. ಸೀಟು ಸಿಗಬಹುದು, ದುಡ್ಡು ಸಿಗಲ್ಲ. ಕೇಂದ್ರೀಯ ವಿಶ್ವವಿದ್ಯಾಲಯವಾದರೆ ನಾನ್-ನೆಟ್ ಫೆಲೋಶಿಪ್ ಅಂತ ತಿಂಗಳಿಗೆ 8,000 ಇದೆ. 37,000ಕ್ಕೂ 8,000ಕ್ಕೂ ಮಧ್ಯೆ ಇರೋದು ಕೆಲವೇ ಪ್ರಶ್ನೆಗಳು. ಎರಡು ಮಕ್ಕಳಿರೋ ಅವರು 8,000ಕ್ಕೆ ಹೋಗೋ ಹಾಗಿರಲಿಲ್ಲ, ಹೋಗಲಿಲ್ಲ. ಇದನ್ನು ಯೋಗ್ಯತೆ ಅಂತ ಕರೆಯೋಕೆ ನನಗೆ ಮನಸ್ಸಾಗಲ್ಲ.

ರಿಸಲ್ಟ್ ಬಂದ ದಿನ ನಾನು ರಾಜೀನಾಮೆ ಕೊಡಲಿಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳ್ತೀನಿ, ಯಾಕಂದ್ರೆ ಕೊಟ್ಟವರನ್ನು ನೋಡಿದ್ದೀನಿ. ಜೆಆರ್‌ಎಫ್ ಅಂದ್ರೆ ದುಡ್ಡಲ್ಲ, ದುಡ್ಡಿಗೆ ಅರ್ಹತೆ. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿ, ಜಾಯಿನಿಂಗ್ ರಿಪೋರ್ಟ್ ಹೋದ ಮೇಲಷ್ಟೇ ಅದು ಜೀವ ತಗೊಳ್ಳುತ್ತೆ. ಗೈಡ್ ಬೇಕು, ಗೈಡ್ ಹತ್ತಿರ ಖಾಲಿ ಸೀಟು ಬೇಕು. ನನ್ನ ವಿಷಯ ಕನ್ನಡದ ಸ್ಪೀಚ್ ರೆಕಗ್ನಿಷನ್. ನಮ್ಮ ಫೋನುಗಳು ಬೆಂಗಳೂರು ಕನ್ನಡವನ್ನು ಸುಮಾರಾಗಿ ಕೇಳಿಸಿಕೊಳ್ತವೆ, ಕಲಬುರಗಿ ಮಾತಿಗೆ ಕೈಯೆತ್ತುತ್ತವೆ. ಅಂಥ ಕೆಲಸ ಮಾಡಿಸೋ ಗೈಡ್ ಎಲ್ಲ ಕಡೆ ಇರಲ್ಲ. ನವೆಂಬರಿನಲ್ಲಿ ಮೂರು ಕಡೆ ಸಂದರ್ಶನ, ಒಂದು ಕಡೆಯಿಂದ ಇವತ್ತಿಗೂ ಉತ್ತರ ಬಂದಿಲ್ಲ. ಡಿಸೆಂಬರ್ 12ಕ್ಕೆ ಒಂದು ಪ್ರವೇಶ ಪತ್ರ ಬಂತು, ಜನವರಿ 31ರ ಒಳಗೆ ಸೇರಬೇಕು ಅಂತ.

ಎಣಿಸಿ ನೋಡಿ, 50 ದಿನ. ನನ್ನ ನೋಟಿಸ್ ಪೀರಿಯಡ್ 90. ಉಳಿದ 40 ದಿನಕ್ಕೆ ನನ್ನ ಹತ್ತಿರ ಇದ್ದ 18 ದಿನದ ರಜೆ ಹೊಂದಿಸಿದರು, 22 ದಿನದ ಬೇಸಿಕ್ ನಾನು ಕಟ್ಟಿದೆ. ಇಷ್ಟಾದರೂ ಆಗಿದ್ದು ಯಾಕೆ ಅಂದ್ರೆ ಅಕ್ಟೋಬರಿನಲ್ಲೇ ಮ್ಯಾನೇಜರ್‌ಗೆ ಬಾಯಿಮಾತಲ್ಲಿ ಹೇಳಿದ್ದೆ. ಜೂನಿನಲ್ಲಿ ಹೇಳಬಾರದು, ರಿಸಲ್ಟ್ ಬಂದ ಮೇಲೆ ಮುಚ್ಚಿಡಬಾರದು, ನನ್ನ ಲೆಕ್ಕ ಅದು. ನಿಮ್ಮ ಮ್ಯಾನೇಜರ್ ಹೇಗೆ ಅನ್ನೋದು ನಿಮಗೇ ಗೊತ್ತು.

ಜನವರಿ 30ಕ್ಕೆ ಸೇರಿದೆ. ಕಾಯೋದು ಮುಗೀತು ಅಂದುಕೊಂಡ್ರಾ? ಸ್ಟೈಪೆಂಡ್ ಬರೋದು ಹೇಗೆ ಅಂತ ಕೇಳಿ. ನಿಮ್ಮ ವಿವರವನ್ನು ವಿಶ್ವವಿದ್ಯಾಲಯದವರು ಬ್ಯಾಂಕಿನ ಪೋರ್ಟಲಿಗೆ ಏರಿಸಬೇಕು. ಆಮೇಲೆ ಪ್ರತಿ ತಿಂಗಳೂ ಈ ವ್ಯಕ್ತಿ ಕೆಲಸ ಮಾಡ್ತಿದ್ದಾನೆ ಅಂತ ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕರ್ ಅಂತಾರೆ. ಒಬ್ಬರು ರಜೆ ಹೋದರೆ ಆ ತಿಂಗಳು ಕೆಳಗೆ ಬೀಳುತ್ತೆ, ಮುಂದೆ ಅರಿಯರ್ಸ್ ಆಗಿ ಬರಬೇಕು. ನನಗೆ ಮೊದಲ ದುಡ್ಡು ಬಂದಿದ್ದು ಜೂನಿನಲ್ಲಿ, ಬಾಕಿ ಎಲ್ಲ ಸೇರಿ ಒಟ್ಟಿಗೆ. ಅಷ್ಟು ತಿಂಗಳು ಮನೆ ನಡೆದಿದ್ದು ಹೆಂಡತಿಯ ಸಂಬಳದಲ್ಲಿ, ಮತ್ತೆ ಆಗಸ್ಟಿನಿಂದ ತೆಗೆದಿಟ್ಟಿದ್ದ ಆರು ತಿಂಗಳ ಖರ್ಚಿನಲ್ಲಿ. ಒಬ್ಬರ ಸಂಬಳದ ಮನೆಯವರು ಆರು ಅಲ್ಲ, ಎಂಟು ತಿಂಗಳದ್ದು ಇಟ್ಕೊಳ್ಳಿ. ಸೇರಿದ ಮೊದಲ ವಾರವೇ ಆ ಮೇಕರ್ ಯಾರು, ಯಾವ ರೂಮಿನಲ್ಲಿ ಕೂರ್ತಾರೆ ಅಂತ ತಿಳ್ಕೊಳ್ಳಿ. ಮೇಲ್ ಹಾಕಬೇಡಿ, ಹೋಗಿ ನಮಸ್ಕಾರ ಹೇಳಿ. ನಮ್ಮಲ್ಲಿ ಅವರು ಗದಗಿನವರು ಅಂತ ಮೂರನೇ ಭೇಟಿಯಲ್ಲಿ ಗೊತ್ತಾಯ್ತು, ಅದಾದ ಮೇಲೆ ನನ್ನ ಫೈಲ್ ಬೇಗ ಓಡ್ತು ಅಂತೇನೂ ಇಲ್ಲ, ಆದರೆ ಎಲ್ಲಿ ನಿಂತಿದೆ ಅಂತ ಕನ್ನಡದಲ್ಲಿ ಕೇಳಬಹುದಿತ್ತು.

ಎರಡು ವರ್ಷ ತುಂಬಿದಾಗ ಸಮಿತಿ ಕೂತು ನನ್ನ ಕೆಲಸ ನೋಡಿ ಎಸ್‌ಆರ್‌ಎಫ್‌ಗೆ ಏರಿಸಬೇಕು, ಆಗ 42,000. ಅದು 2027ರ ಜನವರಿಯ ಮಾತು. ಅದರ ಅರ್ಜಿ ಯಾವ ಟೇಬಲ್‌ಗೆ ಹೋಗುತ್ತೆ ಅಂತ ಈಗಲೇ ವಿಚಾರಿಸಿ ಇಟ್ಟಿದ್ದೀನಿ. ಪ್ರಶ್ನೆ ಇದ್ರೆ ಕೇಳಿ, ಬಾಂಡಿನ ಬಗ್ಗೆ ಒಬ್ಬರು ಆಗಲೇ ಕೈ ಎತ್ತಿದ್ದರು.